1381ರ ಇಂಗ್ಲೆಂಡ್ ದಂಗೆ: ಎದ್ದು ನಿಂತವರು ಯಾರು?

ಪ್ರಶ್ನೆ: 1381ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನು ‘ರೈತ ದಂಗೆ’ ಎಂದೇ ಓದಿಕೊಂಡು ಬಂದಿದ್ದೇವೆ. ಹೊಟ್ಟೆಗಿಲ್ಲದ ಜೀತದ ರೈತರು ತಲೆಗಂದಾಯ ತಾಳಲಾರದೆ ತಿರುಗಿಬಿದ್ದರು ಅನ್ನುವುದು ನಮಗೆ ಹೇಳಿಕೊಟ್ಟ ಕಥೆ. ಆದರೆ ಮುಂದಾಳುಗಳಲ್ಲಿ ಪಾದ್ರಿಗಳು, ಬಟ್ಟೆಗೆ ಬಣ್ಣ ಹಾಕುವವರು, ಒಬ್ಬ ನೈಟ್ (ಮೇಲ್ವರ್ಗದ ಪದವಿ ಪಡೆದ ಯೋಧ) ಕೂಡ ಇದ್ದರೆಂದು ಈಚೆಗೆ ಓದಿದೆ. ಹಾಗಾದರೆ ಅದರಲ್ಲಿ ನಿಜವಾಗಿ ಇದ್ದವರು ಯಾರು? ಅದು ನಮಗೆ ಗೊತ್ತಾಗುವುದಾದರೂ ಹೇಗೆ? ಮುಂದೆ 1450ರಲ್ಲಿ ಜ್ಯಾಕ್ ಕೇಡ್ ಎಬ್ಬಿಸಿದ ದಂಗೆಯಲ್ಲೂ ಇಂಥವರೇ ಇದ್ದರೇ?

ಉತ್ತರ: ಗುಂಪಿನಲ್ಲಿ ಹಳ್ಳಿಯವರೇ ಹೆಚ್ಚಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದೆ ನಿಂತವರು ಹಳ್ಳಿಯ ಕಡುಬಡವರಲ್ಲ. ಸ್ವಲ್ಪ ಜಮೀನು, ಒಂದಷ್ಟು ದನಕರು, ಊರಲ್ಲಿ ಮಾತಿಗೆ ಬೆಲೆ ಇದ್ದವರು. ಎಷ್ಟೋ ಕಡೆ ಊರಿನ ಆಡಳಿತ ನಡೆಸುತ್ತಿದ್ದವರೇ ದಂಗೆಯನ್ನೂ ನಡೆಸಿದರು. ನನಗೆ ಇಡೀ ಘಟನೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದು. ಅವರ ಜೊತೆಗೆ ಕಸುಬುದಾರರು, ಪಟ್ಟಣಿಗರು, ಕೆಳಹಂತದ ಪಾದ್ರಿಗಳು, ಹೆಂಗಸರು, ಬೆರಳೆಣಿಕೆಯಷ್ಟು ಸಿರಿವಂತರು ಸೇರಿಕೊಂಡರು.

ದಂಗೆ ಹತ್ತಿಕೊಂಡ ಬಗೆಯನ್ನೇ ನೋಡಿ. 1380ರ ನವೆಂಬರಿನಲ್ಲಿ ನಾರ್ಥಾಂಪ್ಟನ್‌ನಲ್ಲಿ ಸೇರಿದ ಪಾರ್ಲಿಮೆಂಟು ಹದಿನೈದು ದಾಟಿದ ಪ್ರತಿಯೊಬ್ಬರಿಗೂ ತಲೆಗೆ ಒಂದು ಶಿಲಿಂಗ್, ಅಂದರೆ 12 ಪೆನ್ನಿ ಕಂದಾಯ ಹಾಕಿತು. 1377ರಲ್ಲಿ ಇದೇ ಕಂದಾಯ 4 ಪೆನ್ನಿ ಇತ್ತು. ಕೂಲಿಯವನಿಗೆ ಒಂದು ಶಿಲಿಂಗ್ ಅಂದರೆ ಮೂರು-ನಾಲ್ಕು ದಿನದ ದುಡಿಮೆ. ಗಂಡ, ಹೆಂಡತಿ, ಬೆಳೆದ ಮಗಳು ಇರುವ ಮನೆಗೆ ಅದರ ಮೂರು ಪಟ್ಟು. ಉಳ್ಳವರು ಇಲ್ಲದವರಿಗೆ ಹೆಗಲು ಕೊಡಬೇಕೆಂದು ಕಾನೂನಿನಲ್ಲಿ ಬರೆದಿತ್ತು. ಆದರೆ ಉಳ್ಳವರೇ ಇಲ್ಲದ ಬಡ ಹಳ್ಳಿಯಲ್ಲಿ ಹೆಗಲು ಕೊಡುವವರು ಯಾರು? ಪಟ್ಟಿಗಳು ಸರ್ಕಾರದ ಕೈ ಸೇರಿದಾಗ ನಾಲ್ಕೇ ವರ್ಷಗಳಲ್ಲಿ ದೇಶದ ಕಂದಾಯದಾರರಲ್ಲಿ ಸುಮಾರು ಮೂರನೇ ಒಂದು ಭಾಗ ಮಾಯವಾಗಿತ್ತು. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರು, ಮನೆಯಲ್ಲಿದ್ದ ಆಳುಗಳು ಪಟ್ಟಿಯಿಂದ ಹೆಚ್ಚಾಗಿ ಬಿಟ್ಟುಹೋಗಿದ್ದರು.

ಇಷ್ಟು ಜನರನ್ನು ಬಚ್ಚಿಡುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಊರಿನ ತಲೆ ಎಣಿಸಲು ಸರ್ಕಾರ ನೆಚ್ಚಿಕೊಂಡಿದ್ದು ಊರಿನ ಕಾನ್‌ಸ್ಟೇಬಲ್ ಮತ್ತು ಹಿರಿಯರನ್ನೇ. ಅವರು ಕಣ್ಣುಮುಚ್ಚಿಕೊಳ್ಳದೆ ಇಷ್ಟು ಹೆಸರು ತಪ್ಪಲು ಸಾಧ್ಯವಿರಲಿಲ್ಲ. ಹಾಗಾಗಿ 1381ರ ವಸಂತದಲ್ಲಿ ತಪ್ಪಿಸಿಕೊಂಡವರನ್ನು ಹುಡುಕಲು ವಿಚಾರಣಾಧಿಕಾರಿಗಳು ಹೊರಟಾಗ ಮೊದಲು ಕುತ್ತಿಗೆಗೆ ಬಂದಿದ್ದು ಈ ಮುಖ್ಯಸ್ಥರಿಗೇ. ಮೇ 30ರಂದು ಲಂಡನ್ನಿನ ಪಕ್ಕದ ಎಸೆಕ್ಸ್ ಪ್ರಾಂತದ ಬ್ರೆಂಟ್‌ವುಡ್‌ನಲ್ಲಿ ಜಾನ್ ಬ್ಯಾಂಪ್ಟನ್ ಎಂಬ ಅಧಿಕಾರಿ ಸುತ್ತಲಿನ ಹಳ್ಳಿಗಳವರನ್ನು ಕರೆಸಿದ. ಫಾಬಿಂಗ್‌ನವರು ಕಟ್ಟುವುದನ್ನು ಕಟ್ಟಿಯಾಗಿದೆ, ಇನ್ನೊಂದು ಪೆನ್ನಿಯೂ ಇಲ್ಲ ಎಂದರು. ಪಕ್ಕದ ಕಾರಿಂಗಮ್, ಸ್ಟ್ಯಾನ್‌ಫರ್ಡ್ ಹಳ್ಳಿಗಳವರು ಅವರ ಬೆನ್ನಿಗೆ ನಿಂತರು. ಬ್ಯಾಂಪ್ಟನ್ ಅಲ್ಲಿಂದ ಓಡಿಹೋದ. ಆಮೇಲೆ ದೇಶದ ಮುಖ್ಯ ನ್ಯಾಯಮೂರ್ತಿಗಳಲ್ಲಿ ಒಬ್ಬನಾದ ರಾಬರ್ಟ್ ಬೆಲ್ಕ್‌ನ್ಯಾಪ್ ಬಂದ, ಅವನನ್ನೂ ಓಡಿಸಿದರು. ಫಾಬಿಂಗ್‌ನವರ ಮುಂದಾಳು ಥಾಮಸ್ ಬೇಕರ್‌ನನ್ನು ಮುಂದೆ ಗಲ್ಲಿಗೇರಿಸಲಾಯಿತು.

ಈ ಊರ ಮುಖ್ಯಸ್ಥರು ಅಂದರೆ ಯಾರು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ ಇಂಗ್ಲೆಂಡಿನ ಜಮೀನ್ದಾರಿ ಘಟಕಕ್ಕೆ ಮೇನರ್ ಎಂದು ಹೆಸರು. ಅದರ ಒಡೆಯ ಒಬ್ಬ ಲಾರ್ಡ್ ಇರಬಹುದು, ಬಿಷಪ್ ಇರಬಹುದು, ಮಠ ಇರಬಹುದು. ಒಡೆಯ ಅಲ್ಲಿ ವಾಸ ಇರಬೇಕೆಂದೇನಿಲ್ಲ. ಬಿತ್ತನೆ, ಕಟಾವು, ಬಿಟ್ಟಿ ದುಡಿಮೆಯ ಲೆಕ್ಕ ಎಲ್ಲವನ್ನೂ ನೋಡಿಕೊಳ್ಳುವವನು ರೀವ್. ಅವನೂ ಸಾಮಾನ್ಯವಾಗಿ ಜೀತದ ಒಕ್ಕಲೇ. ಊರವರು ಆರಿಸಿದವನು ಇಲ್ಲವೇ ಒಡೆಯ ನೇಮಿಸಿದವನು. ಮೇನರ್‌ನ ನ್ಯಾಯಸಭೆಯಲ್ಲಿ ಜ್ಯೂರಿಯಾಗಿ ಕೂರುವವರು, ಊರಲ್ಲಿ ಕಾಯಿಸುವ ಏಲ್ ಮದ್ಯದ ಗುಣ-ಅಳತೆ ಪರೀಕ್ಷಿಸುವವರು, ಶಾಂತಿ ಕಾಯುವ ಕಾನ್‌ಸ್ಟೇಬಲ್‌ಗಳು, ಇವರೆಲ್ಲ ಅದೇ ಪದರದ ಜನ. ದಂಗೆಯ ನಂತರದ ಮೊಕದ್ದಮೆಗಳಲ್ಲಿ ಸಿಗುವ ಹೆಸರುಗಳನ್ನು ಇತಿಹಾಸಕಾರರು ಆಯಾ ಮೇನರ್‌ಗಳ ಕಡತಗಳ ಜೊತೆ ಹೋಲಿಸಿ ನೋಡಿದ್ದಾರೆ. ಗುರುತು ಸಿಕ್ಕವರಲ್ಲಿ ದೊಡ್ಡ ಪಾಲು ಒಂದಲ್ಲ ಒಂದು ಸಲ ಇಂಥ ಹುದ್ದೆ ಹಿಡಿದವರೇ.

ಇದನ್ನು ತಿಳಿದ ಮೇಲೆ ದಂಗೆಕೋರರು ಹೋದ ಹೋದಲ್ಲಿ ಮೇನರ್‌ನ ದಾಖಲೆಗಳನ್ನೇ ಹುಡುಕಿ ಸುಟ್ಟದ್ದಕ್ಕೆ ಅರ್ಥ ಬರುತ್ತದೆ. ಅದನ್ನು ಓದಲು ಬಾರದವರ ಕುರುಡು ಸಿಟ್ಟು ಎಂದು ಹಿಂದೆ ಬರೆಯುತ್ತಿದ್ದರು. ನಾನು ಇದನ್ನು ಒಪ್ಪುವುದಿಲ್ಲ. ಯಾವ ಸುರುಳಿಯಲ್ಲಿ ಏನು ಬರೆದಿದೆ ಅನ್ನುವುದು ಆ ಸಭೆಗಳಲ್ಲಿ ಕೂತೆದ್ದ ರೀವ್‌ಗೂ ಜ್ಯೂರಿಗೂ ಚೆನ್ನಾಗಿ ಗೊತ್ತಿತ್ತು. ಮಗಳ ಮದುವೆಗೆ ಒಡೆಯನಿಗೆ ಕಟ್ಟಿದ ಹಣ, ಅಪ್ಪ ಸತ್ತಾಗ ಒಡೆಯ ಹೊಡೆದುಕೊಂಡು ಹೋದ ಒಳ್ಳೆಯ ಹಸು, ಹೇಳದೆ ಊರು ಬಿಟ್ಟದ್ದಕ್ಕೆ ದಂಡ, ಎಲ್ಲವೂ ಅದರಲ್ಲಿ ದಾಖಲು. ಒಬ್ಬ ಮನುಷ್ಯ ಜೀತದವನು ಅನ್ನುವುದಕ್ಕೆ ಸಾಕ್ಷಿ ಆ ತೊಗಲಿನ ಹಾಳೆಯೇ. ಅದು ಬೂದಿಯಾದರೆ ಸಾಕ್ಷಿಯೂ ಬೂದಿ.

ಹೊಟ್ಟೆಗಿಲ್ಲದವರು ಎದ್ದರು ಅನ್ನುವ ಮಾತು ಕಾಲಕ್ಕೂ ಹೊಂದುವುದಿಲ್ಲ. 1348-49ರ ಪ್ಲೇಗಿನಲ್ಲಿ ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನ ಸತ್ತಿದ್ದರು. ಉಳಿದವರಿಗೆ ಭೂಮಿ ಸಿಗತೊಡಗಿತು, ಕೂಲಿ ಏರಿತು. ಸಾಮಾನ್ಯನ ಬದುಕು ಒಂದು ಮೆಟ್ಟಿಲು ಮೇಲೇರುವ ಹೊತ್ತಿಗೆ ಕಾನೂನು ಕಾಲು ಹಿಡಿದು ಎಳೆಯಿತು. 1351ರ ಕೂಲಿ ಕಾಯಿದೆ ಪ್ಲೇಗಿನ ಮುಂಚಿನ ದರಕ್ಕಿಂತ ಹೆಚ್ಚು ಕೂಲಿ ಕೇಳುವುದನ್ನೇ ಅಪರಾಧ ಮಾಡಿತು. ಸಾವಿರಾರು ಜನ ದಂಡ ತೆತ್ತರು. ಸಫೋಕ್‌ನ ಥಾಮಸ್ ಸ್ಯಾಂಪ್ಸನ್ ಎಂಬ ಮುಂದಾಳುವಿನ ಆಸ್ತಿಯನ್ನು ಆಮೇಲೆ ಸರ್ಕಾರ ಮುಟ್ಟುಗೋಲು ಹಾಕಿಕೊಂಡಾಗ ನೂರಾರು ಕುರಿಗಳು, ಬಿತ್ತಿದ ಹೊಲ, ಜೊತೆಗೆ ಒಂದು ಹಡಗಿನಲ್ಲಿ ಪಾಲು ಸಿಕ್ಕಿತು. ಎಲ್ಲರೂ ಅವನಂತಿರಲಿಲ್ಲ. ಆದರೆ ಕಳೆದುಕೊಳ್ಳಲು ಇಷ್ಟೆಲ್ಲ ಇದ್ದವನೊಬ್ಬ ಕುತ್ತಿಗೆ ಪಣಕ್ಕಿಟ್ಟ ಅನ್ನುವುದನ್ನು ಹಸಿವಿನ ಲೆಕ್ಕದಲ್ಲಿ ವಿವರಿಸಲಾಗದು.

ದಂಗೆಗೆ ಮುಂಚೆ ನಡೆದ ಒಂದು ಸಂಗತಿ ಇದಕ್ಕೆ ಪೂರಕ. 1377ರಲ್ಲಿ ದಕ್ಷಿಣ ಇಂಗ್ಲೆಂಡಿನ ಹತ್ತಾರು ಹಳ್ಳಿಗಳವರು ಹಣ ಕೂಡಿಸಿ, 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿ ತಮ್ಮ ಊರಿನ ಬಗ್ಗೆ ಇದ್ದ ಭಾಗದ ಅಧಿಕೃತ ನಕಲು ಮಾಡಿಸಿಕೊಂಡರು. ತಮ್ಮ ಊರು ಹಿಂದೆ ರಾಜನ ಖಾಸಾ ಭೂಮಿ, ಆದ್ದರಿಂದ ಬಿಟ್ಟಿ ದುಡಿಯಬೇಕಿಲ್ಲ ಎಂದು ವಾದಿಸುವುದು ಉದ್ದೇಶ. ವಕೀಲರನ್ನು ಹಿಡಿದರು, ಬಿಟ್ಟಿ ನಿಲ್ಲಿಸಿದರು. ಪಾರ್ಲಿಮೆಂಟು ಅವರ ವಾದವನ್ನು ತಳ್ಳಿಹಾಕಿತು. ಮೊದಲು ಕಾನೂನಿನ ಬಾಗಿಲು ತಟ್ಟಿದ ಜನ ಇವರು.

ಇನ್ನು ಲಂಡನ್ನಿನ ಆಗ್ನೇಯಕ್ಕಿರುವ ಕೆಂಟ್ ಪ್ರಾಂತ. ನಮ್ಮ ಪಠ್ಯದ ಕಥೆ ಅತಿ ಹೆಚ್ಚು ಎಡವುವುದು ಇಲ್ಲೇ. ದಂಗೆಯ ಮುಖ್ಯ ಮುಂದಾಳು ವಾಟ್ ಟೈಲರ್‌ನ ಪಡೆ ಹೊರಟದ್ದು ಕೆಂಟ್‌ನಿಂದ, ಆದರೆ ಕೆಂಟ್‌ನಲ್ಲಿ ಜೀತ ಇರಲೇ ಇಲ್ಲ ಎನ್ನಬಹುದು. ಕೆಂಟ್‌ನಲ್ಲಿ ಹುಟ್ಟಿದವನು ಸ್ವತಂತ್ರ ಅನ್ನುವುದು ಅಲ್ಲಿನ ವಾಡಿಕೆಯ ಕಾನೂನು. ಹಾಗಾಗಿ ಗ್ರೇವ್ಸೆಂಡ್‌ನ ರಾಬರ್ಟ್ ಬೆಲ್ಲಿಂಗ್ ಎಂಬವನನ್ನು ರಾಜನ ಆಪ್ತ ಸರ್ ಸೈಮನ್ ಬರ್ಲಿ ತನ್ನಿಂದ ಓಡಿಬಂದ ಜೀತದಾಳು ಎಂದು ಹಿಡಿಸಿ, ಬಿಡುಗಡೆಗೆ 300 ಪೌಂಡ್ ಕೇಳಿ, ರಾಚೆಸ್ಟರ್ ಕೋಟೆಯ ಸೆರೆಗೆ ತಳ್ಳಿದಾಗ ಜನ ಕೆರಳಿದರು. ಜೂನ್ 6ರಂದು ಕೋಟೆಗೆ ನುಗ್ಗಿ ಅವನನ್ನು ಬಿಡಿಸಿದರು. ಕೆಂಟ್‌ನವರಿಗೆ ಇನ್ನೊಂದು ಸಂಕಟವಿತ್ತು. ಫ್ರೆಂಚರ ಹಡಗುಗಳು ದಕ್ಷಿಣದ ಕರಾವಳಿಯ ಊರುಗಳನ್ನು ಸುಡುತ್ತಿದ್ದವು; ಇಷ್ಟು ಕಂದಾಯ ಕಟ್ಟಿಯೂ ರಕ್ಷಣೆ ಇಲ್ಲ ಅನ್ನುವ ಸಿಟ್ಟು. ಲಂಡನ್ನಿಗೆ ಹೊರಡುವ ಮುಂಚೆ ದಂಗೆಕೋರರು ಮಾಡಿದ ಒಂದು ತೀರ್ಮಾನ ವೃತ್ತಾಂತವೊಂದರಲ್ಲಿ ಉಳಿದಿದೆ: ಸಮುದ್ರದಿಂದ 12 ಲೀಗ್ (ಸುಮಾರು 36 ಮೈಲಿ) ಒಳಗೆ ವಾಸವಿರುವವರು ಯಾರೂ ಬರಬೇಡಿ, ಮನೆಯಲ್ಲೇ ಇದ್ದು ಕರಾವಳಿ ಕಾಯಿರಿ. ಇದು ಅಲೆಮಾರಿ ಗುಂಪಿನ ಮಾತಲ್ಲ. ಊರು ಕಾಯುವ ಹೊಣೆ ಹೊತ್ತು ಅಭ್ಯಾಸವಿದ್ದವರ ಮಾತು. ಅಂಥವರಲ್ಲಿ ಫ್ರಾನ್ಸಿನ ಯುದ್ಧ ಕಂಡು ಬಂದ ಬಿಲ್ಲುಗಾರರೂ ಇದ್ದಿರಬೇಕು. ಸೈನಿಕರ ಹಾಜರಿ ಪಟ್ಟಿಗಳನ್ನು ಮೊಕದ್ದಮೆಯ ಹೆಸರುಗಳ ಜೊತೆ ಹೋಲಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆಯುತ್ತಿದೆ.

ಕಸುಬುದಾರರ ವಿಷಯಕ್ಕೆ ಬಂದರೆ, ವಾಟ್ ಟೈಲರ್‌ನ ಹೆಸರು ಹೆಂಚು ಹೊದಿಸುವ ಕಸುಬಿನದು. ನಾರ್ಫೋಕ್‌ನಲ್ಲಿ ಮುಂದಾಳುವಾಗಿದ್ದ ಫೆಲ್ಮಿಂಗಮ್‌ನ ಜೆಫ್ರಿ ಲಿಸ್ಟರ್ ಬಟ್ಟೆಗೆ ಬಣ್ಣ ಹಾಕುವವನು. ಡಾರ್ಟ್‌ಫರ್ಡ್‌ನ ರಾಬರ್ಟ್ ಕೇವ್ ರೊಟ್ಟಿ ಸುಡುವವನು. ಮೊಕದ್ದಮೆಗಳಲ್ಲಿ ನೇಕಾರರು, ದರ್ಜಿಗಳು, ಬಡಗಿಗಳು ಮತ್ತೆಮತ್ತೆ ಬರುತ್ತಾರೆ. ಎಸೆಕ್ಸ್, ಸಫೋಕ್, ನಾರ್ಫೋಕ್‌ಗಳಲ್ಲಿ ಉಣ್ಣೆಬಟ್ಟೆಯ ಕೆಲಸ ಹಳ್ಳಿಹಳ್ಳಿಗೂ ಹರಡಿತ್ತು. ಎರಡು-ಮೂರು ಎಕರೆ ಇಟ್ಟುಕೊಂಡು ಮಗ್ಗವನ್ನೂ ನಡೆಸುವ ಮನೆಗಳು ಸಾಮಾನ್ಯ. ಅಂಥವನನ್ನು ರೈತ ಎನ್ನುವುದೋ ನೇಕಾರ ಎನ್ನುವುದೋ ಅವನಿಗೇ ದೊಡ್ಡ ಪ್ರಶ್ನೆಯಾಗಿರಲಿಕ್ಕಿಲ್ಲ. ಬಟ್ಟೆ ಮಾರಲು ಸಂತೆಯಿಂದ ಸಂತೆಗೆ ಓಡಾಡುವವರಿಂದ ಸುದ್ದಿಯೂ ಬೇಗ ಹಬ್ಬುತ್ತಿತ್ತು. ಜೂನ್ ಎರಡನೇ ವಾರದಲ್ಲಿ ಅಷ್ಟು ದೂರದೂರದ ಊರುಗಳು ಒಟ್ಟಿಗೆ ಎದ್ದದ್ದರಲ್ಲಿ ಇದರ ಪಾಲು ದೊಡ್ಡದು.

ಪಟ್ಟಣಗಳ ಜಗಳ ಬೇರೆಯದೇ ಆಗಿತ್ತು. ಸೇಂಟ್ ಆಲ್ಬನ್ಸ್ ಊರನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಊರು ಪೂರ್ತಿ ಅಲ್ಲಿನ ಬೆನೆಡಿಕ್ಟೀನ್ ಮಠದ ಹಿಡಿತದಲ್ಲಿತ್ತು. ಮನೆಯಲ್ಲಿ ಬೀಸುಕಲ್ಲು ಇಟ್ಟುಕೊಳ್ಳುವಂತಿಲ್ಲ, ಕಾಳನ್ನು ಮಠದ ಗಿರಣಿಗೇ ಒಯ್ದು ಹಣ ಕೊಟ್ಟು ಬೀಸಿಸಬೇಕು. ಈ ಕಟ್ಟಳೆಯ ವಿರುದ್ಧ ಊರವರು ತಲೆಮಾರುಗಳ ಕಾಲ ಹೋರಾಡಿದ್ದರು. 1330ರ ದಶಕದ ಆರಂಭದಲ್ಲಿ ಮಠಾಧಿಪತಿ ವಾಲಿಂಗ್‌ಫರ್ಡ್‌ನ ರಿಚರ್ಡ್ (ಅದ್ಭುತವಾದ ಖಗೋಳ ಗಡಿಯಾರ ಕಟ್ಟಿಸಿದ ವಿದ್ವಾಂಸನೂ ಇವನೇ) ಮನೆಮನೆಯ ಬೀಸುಕಲ್ಲು ಕಿತ್ತು ತರಿಸಿ, ಮಠದ ಪಡಸಾಲೆಗೆ ನೆಲಹಾಸಾಗಿ ಹಾಕಿಸಿಬಿಟ್ಟ. ಐವತ್ತು ವರ್ಷ ಆ ಕಲ್ಲುಗಳ ಮೇಲೆ ಸನ್ಯಾಸಿಗಳು ನಡೆದಾಡಿದರು. 1381ರ ಜೂನ್‌ನಲ್ಲಿ ಊರವರು ಒಳನುಗ್ಗಿ, ಆ ಕಲ್ಲುಗಳನ್ನು ಅಗೆದು ತೆಗೆದು, ಒಡೆದು, ಚರ್ಚಿನಲ್ಲಿ ಭಾನುವಾರ ಹಂಚುವ ಪ್ರಸಾದದ ರೊಟ್ಟಿಯಂತೆ ಚೂರುಚೂರಾಗಿ ಹಂಚಿಕೊಂಡರು. ಜೀವಂತ ಮೊಲವೊಂದನ್ನು ಹಿಡಿದು ಊರ ನಡುವೆ ತೂಗುಹಾಕಿದರು, ಬೇಟೆಯ ಹಕ್ಕು ಇನ್ನು ನಮ್ಮದು ಎಂಬ ಗುರುತಾಗಿ. ಅವರ ಮುಂದಾಳು ವಿಲಿಯಮ್ ಗ್ರಿಂಡ್‌ಕಾಬ್ ಮಠದಲ್ಲೇ ಓದು ಕಲಿತವನು, ಊರಲ್ಲಿ ಆಸ್ತಿ ಇದ್ದವನು. ಅವನನ್ನು ಗಲ್ಲಿಗೆ ಹಾಕಿದರು. ಇಷ್ಟನ್ನೂ ನಮಗೆ ತಿಳಿಸಿದವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗಮ್; ಅವನಿಗೆ ದಂಗೆಕೋರರ ಮೇಲೆ ಎಳ್ಳಷ್ಟೂ ಕರುಣೆ ಇರಲಿಲ್ಲ. ಹಾಗಿದ್ದೂ ಆ ಕಲ್ಲಿನ ಚೂರುಗಳ ವಿವರವನ್ನು ಅವನು ಬಿಡಲಿಲ್ಲ ಅನ್ನುವುದಕ್ಕೆ ನಾನು ಕೃತಜ್ಞ.

ಬರಿ ಸೇಂಟ್ ಎಡ್ಮಂಡ್ಸ್‌ನಲ್ಲೂ ಮಠ ಮತ್ತು ಊರಿನ ನಡುವಿನ ಹಳೆಯ ದ್ವೇಷವೇ ಸಿಡಿಯಿತು. ಕೇಂಬ್ರಿಜ್‌ನಲ್ಲಿ ಸಿಟ್ಟು ವಿಶ್ವವಿದ್ಯಾಲಯದ ವಿಶೇಷ ಸವಲತ್ತುಗಳ ಮೇಲೆ. ಮೇಯರೇ ಗುಂಪಿನ ಜೊತೆ ಹೋದ. ಯಾರ್ಕ್, ಬೆವರ್ಲಿ, ಸ್ಕಾರ್ಬರೋಗಳಲ್ಲಿ ಪುರಸಭೆ ಹಿಡಿದು ಕೂತ ಶ್ರೀಮಂತ ವರ್ತಕರ ವಿರುದ್ಧ ಸಣ್ಣ ವರ್ತಕರೂ ಕಸುಬುದಾರರೂ ಎದ್ದರು. ಅಲ್ಲಿ ಹೊಲದ ಮಾತೇ ಇಲ್ಲ.

ಲಂಡನ್ನಿಗೆ ಜೂನ್ 13ರಂದು ದಂಗೆಕೋರರು ನುಗ್ಗಿದ್ದು ಒಳಗಿನವರ ನೆರವಿನಿಂದ. ಮುಂದೆ ಪಾರ್ಲಿಮೆಂಟು ಸಾರ್ವತ್ರಿಕ ಕ್ಷಮಾದಾನ ಕೊಟ್ಟಾಗ ಹೊರಗಿಟ್ಟ 287 ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಂಡನ್ನಿನವರದು. ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್‌ನ ಸವಾಯ್ ಅರಮನೆಯನ್ನು ಸುಡುವುದರಲ್ಲಿ ಅವರ ಕೈ ಮುಂದಿತ್ತು. ಅಲ್ಲಿ ಒಂದು ಕಟ್ಟುನಿಟ್ಟಿತ್ತು: ಕದಿಯುವಂತಿಲ್ಲ, ನಾಶ ಮಾಡುವುದಷ್ಟೇ. ಬೆಳ್ಳಿ ಸಾಮಾನು ಕದ್ದವನನ್ನು ಅವನ ಗೆಳೆಯರೇ ಬೆಂಕಿಗೆ ನೂಕಿದರೆಂದು ವೃತ್ತಾಂತ ಹೇಳುತ್ತದೆ. ಆದರೆ ಇದೇ ನಗರದಲ್ಲಿ ಅತ್ಯಂತ ನಾಚಿಕೆಗೇಡಿನ ಕೃತ್ಯವೂ ನಡೆಯಿತು. ಫ್ಲಾಂಡರ್ಸ್‌ನಿಂದ ಬಂದು ನೆಲೆಸಿದ್ದ ನೇಕಾರರು, ವರ್ತಕರನ್ನು ಹುಡುಕಿ ಹುಡುಕಿ ಕೊಂದರು. ಚರ್ಚಿನೊಳಗೆ ಅಡಗಿದ್ದವರನ್ನೂ ಎಳೆದು ತಂದು ತಲೆ ಕಡಿದರು. ಕಸುಬಿನ ಪೈಪೋಟಿಯ ಹಗೆ ಇದರ ಹಿಂದಿತ್ತು. ಮುಂದಾಳುಗಳ ಶಿಸ್ತನ್ನು ಮೆಚ್ಚುವವರು ಈ ಹತ್ಯಾಕಾಂಡವನ್ನು ಬದಿಗೆ ಸರಿಸುವಂತಿಲ್ಲ. ದಂಗೆಕೋರರಿಗೆ ಲಂಡನ್ ಸೇತುವೆಯ ದಾರಿ ತೆರೆದವರು ಜಾನ್ ಹಾರ್ನ್, ವಾಲ್ಟರ್ ಸಿಬಿಲ್ ಮುಂತಾದ ನಗರಸಭೆಯ ದೊಡ್ಡ ಮನುಷ್ಯರೇ ಎಂಬ ಆರೋಪ 1382ರಲ್ಲಿ ಬಂತು, ಅವರು ಖುಲಾಸೆಯಾದರು. ಆ ಆರೋಪದಲ್ಲಿ ನಗರದ ಪಕ್ಷ ರಾಜಕೀಯದ ವಾಸನೆ ಜಾಸ್ತಿ.

ಪಾದ್ರಿಗಳಲ್ಲಿ, ಎಲ್ಲರೂ ಸಮಾನರೆಂದು ಬೋಧಿಸಿ ದಂಗೆಕೋರರನ್ನು ಹುರಿದುಂಬಿಸಿದ ಜಾನ್ ಬಾಲ್ ಎಲ್ಲರಿಗಿಂತ ಹೆಸರಾದವನು. ಸಫೋಕ್‌ನ ಮುಂದಾಳು ಜಾನ್ ರಾ ಕೂಡ ಪಾದ್ರಿಯೇ, ಸಡ್ಬರಿ ಊರಿನ ವಿಕಾರ್ (ಚರ್ಚಿನ ಪಾದ್ರಿ) ಜೆಫ್ರಿ ಪಾರ್ಫೆ ಅವನ ಜೊತೆಗಾರ. ಚರ್ಚಿನ ದೊಡ್ಡ ಆದಾಯ ಬಿಷಪ್‌ಗಳಿಗೂ ಮಠಗಳಿಗೂ ಹೋಗುತ್ತಿತ್ತು. ಊರೂರಲ್ಲಿ ಪೂಜೆ ನಡೆಸುವ ಸಂಬಳದ ಪಾದ್ರಿಯ ಬದುಕು ಅವನ ಭಕ್ತರ ಬದುಕಿಗಿಂತ ಬೇರೆಯಾಗಿರಲಿಲ್ಲ. ಪ್ಲೇಗಿನ ಬಳಿಕ ಕೂಲಿಯವರಿಗೆ ಕಡಿವಾಣ ಹಾಕಿದಂತೆ ಇವರ ಸಂಬಳಕ್ಕೂ ಆರ್ಚ್‌ಬಿಷಪ್ 1350ರಲ್ಲಿ ಮಿತಿ ಹಾಕಿದ್ದ.

ನೀವು ಓದಿದ ನೈಟ್ ಸರ್ ರೋಜರ್ ಬೇಕನ್ ಇರಬೇಕು. ನಾರ್ಫೋಕ್‌ನಲ್ಲಿ ಅವನು ಲಿಸ್ಟರ್‌ನ ಜೊತೆ ಸೇರಿ ಗ್ರೇಟ್ ಯಾರ್ಮತ್‌ಗೆ ನುಗ್ಗಿದ. ಸುತ್ತಲಿನ ವ್ಯಾಪಾರವನ್ನು ಆ ಪಟ್ಟಣದ ಮುಷ್ಟಿಗೆ ಕೊಟ್ಟಿದ್ದ ಸನ್ನದನ್ನು ಹರಿದುಹಾಕಿದರು. ಸ್ಥಳೀಯ ಹಗೆ ತೀರಿಸಿಕೊಳ್ಳಲು ಬಂದವನು ಅವನೆಂದು ನನ್ನ ಅಭಿಪ್ರಾಯ. ಕೊನೆಗೆ ಬೇಕನ್‌ಗೆ ಕ್ಷಮೆ ಸಿಕ್ಕಿತು, ಲಿಸ್ಟರ್‌ನನ್ನು ಬಿಷಪ್ ಹೆನ್ರಿ ಡಿಸ್ಪೆನ್ಸರ್ ಗಲ್ಲಿಗೇರಿಸಿದ. ಉಳಿದಂತೆ ಗುಂಪಿನಲ್ಲಿ ಕಾಣುವ ನೈಟ್‌ಗಳು ಬಹುಪಾಲು ಒತ್ತಾಯದಿಂದ ಎಳೆದು ತಂದವರು.

ಹೆಂಗಸರ ಬಗ್ಗೆ ವೃತ್ತಾಂತಕಾರರು ಹೆಚ್ಚು ಬರೆಯಲಿಲ್ಲ, ನ್ಯಾಯಾಲಯದ ಕಡತ ಬರೆದುಕೊಂಡಿತು. ರಾಚೆಸ್ಟರ್‌ನ ಜೊಹಾನಾ ಫೆರರ್ ಕೆಂಟ್‌ನವರ ಮುಂದಾಳು, ಸವಾಯ್ ಸುಡಿಸಿದವಳು, ಆರ್ಚ್‌ಬಿಷಪ್ ಸೈಮನ್ ಸಡ್ಬರಿಯ ತಲೆ ತೆಗೆಸಿದವಳು ಎಂದು ಆರೋಪಪಟ್ಟಿ. ಸಫೋಕ್‌ನ ಲೇಕನ್‌ಹೀತ್‌ನಲ್ಲಿ ಇನ್ನೊಬ್ಬ ಮುಖ್ಯ ನ್ಯಾಯಮೂರ್ತಿ ಜಾನ್ ಕ್ಯಾವೆಂಡಿಶ್ ಓಡಿ ಹೊಳೆಯ ದಂಡೆಗೆ ಬಂದಾಗ, ದಡದಲ್ಲಿದ್ದ ದೋಣಿಯನ್ನು ನೀರಿಗೆ ತಳ್ಳಿದವಳು ಕ್ಯಾಥರೀನ್ ಗ್ಯಾಮೆನ್. ದೋಣಿ ತಪ್ಪಿತು, ಗುಂಪು ಅವನನ್ನು ಹಿಡಿದು ಕೊಂದಿತು. ಕೇಂಬ್ರಿಜ್‌ನ ಸಂತೆಬೀದಿಯಲ್ಲಿ ಮಾರ್ಜರಿ ಸ್ಟಾರ್ ಎಂಬ ಮುದುಕಿ ವಿಶ್ವವಿದ್ಯಾಲಯದ ದಾಖಲೆಗಳ ಬೂದಿಯನ್ನು ಗಾಳಿಗೆ ತೂರುತ್ತ, ಪಂಡಿತರ ವಿದ್ಯೆ ತೊಲಗಲಿ ಎಂದು ಕೂಗಿದಳಂತೆ.

ಹಾಗಾದರೆ ನಿಜವಾದ ಬಡವರು, ಭೂಮಿ ಇಲ್ಲದ ಕೂಲಿಗಳು ಎಲ್ಲಿ? ಅವರು ಇದ್ದರು, ದೊಡ್ಡ ಸಂಖ್ಯೆಯಲ್ಲೇ ಇದ್ದರು. ಆದರೆ ನಮ್ಮ ಆಕರಗಳು ಅವರತ್ತ ಬೆನ್ನು ಮಾಡಿವೆ. ಮುಟ್ಟುಗೋಲಿನ ಅಧಿಕಾರಿ ಪಟ್ಟಿ ಬರೆಯುವುದು ಆಸ್ತಿ ಇದ್ದವನ ಮನೆಯಲ್ಲಿ. ಮೊಕದ್ದಮೆಯಲ್ಲಿ ಹೆಸರು ಬರುವುದು ಹತ್ತು ಜನಕ್ಕೆ ಗುರುತಿದ್ದವನದು. ಉಳಿದವರು ‘ಮತ್ತು ಇತರರು’ ಎಂಬ ಮಾತಿನೊಳಗೆ ಸೇರಿಹೋಗುತ್ತಾರೆ. ಮೇನರ್ ಕಡತದಲ್ಲಿ ಭೂಮಿ ಹಿಡಿದವನ ಗುರುತು ಸಿಗುತ್ತದೆ, ಊರಿಂದೂರಿಗೆ ಕೂಲಿಗೆ ಹೋಗುವವನದು ಸಿಗುವುದು ಅಪರೂಪ. ಅದಕ್ಕೇ ಮುಂದಾಳುಗಳ ಬಗ್ಗೆ ನಾನು ಗಟ್ಟಿಯಾಗಿ ಮಾತಾಡಬಲ್ಲೆ, ಇಡೀ ಗುಂಪಿನಲ್ಲಿ ಇಂಥವರು ಇಷ್ಟು ಪಾಲು ಎಂದು ಲೆಕ್ಕ ಕೊಡಲಾರೆ. ವೃತ್ತಾಂತಕಾರರ ಐವತ್ತು ಸಾವಿರ, ಅರವತ್ತು ಸಾವಿರದ ಅಂಕಿಗಳನ್ನಂತೂ ನಂಬುವ ಹಾಗಿಲ್ಲ.

ಬೇಡಿಕೆಗಳಲ್ಲೂ ಈ ಬೆರಕೆ ಕಾಣುತ್ತದೆ. ಜೂನ್ 14ರಂದು ಮೈಲ್ ಎಂಡ್‌ನಲ್ಲಿ ಹದಿನಾಲ್ಕರ ಹುಡುಗ ಎರಡನೇ ರಿಚರ್ಡ್‌ನ ಮುಂದೆ ಇಟ್ಟದ್ದು ಜೀತದ ರದ್ದತಿ, ಎಕರೆಗೆ 4 ಪೆನ್ನಿ ಗೇಣಿ, ಒಪ್ಪಿದವನ ಬಳಿ ಮಾತ್ರ ದುಡಿಯುವ ಸ್ವಾತಂತ್ರ್ಯ. ಭೂಮಿ ಹಿಡಿದ ಎಸೆಕ್ಸ್, ಹರ್ಟ್‌ಫರ್ಡ್‌ಶೈರ್ ಒಕ್ಕಲುಗಳ ಬೇಡಿಕೆ ಇದು. ಅವರಲ್ಲಿ ಹಲವರು ರಾಜನ ಸನ್ನದು ಪಡೆದು ಮನೆಗೆ ಹೊರಟರು. ಮರುದಿನ ಸ್ಮಿತ್‌ಫೀಲ್ಡ್‌ನಲ್ಲಿ ಉಳಿದವರ ಪರವಾಗಿ ಟೈಲರ್ ಕೇಳಿದ್ದು ಇದಕ್ಕಿಂತ ಬಹಳ ಮುಂದೆ ಹೋಯಿತು: ರಾಜನೊಬ್ಬನ ಹೊರತು ಯಾರಿಗೂ ಒಡೆತನ ಬೇಡ, ಚರ್ಚಿನ ಭೂಮಿ ಜನರಿಗೆ ಹಂಚಿ, ದೇಶಕ್ಕೆ ಒಬ್ಬನೇ ಬಿಷಪ್ ಸಾಕು. ಟೈಲರ್ ಅಲ್ಲೇ ಮೇಯರ್ ವಿಲಿಯಮ್ ವಾಲ್ವರ್ತ್ ಮತ್ತು ರಾಜನ ಕಡೆಯವರ ಕೈಯಲ್ಲಿ ಹತನಾದ. ಸನ್ನದುಗಳನ್ನು ಜುಲೈ 2ರಂದು ರದ್ದು ಮಾಡಿದರು.

ಕೊನೆಯದಾಗಿ ಜ್ಯಾಕ್ ಕೇಡ್. 1450ರ ಆ ದಂಗೆಯೂ ಕೆಂಟ್‌ನಲ್ಲೇ ಹುಟ್ಟಿತು, ಆದರೆ ಅದರಲ್ಲಿ ಜೀತದ ಪ್ರಶ್ನೆ ಹೆಚ್ಚುಕಡಿಮೆ ಕಾಣುವುದಿಲ್ಲ. ಫ್ರಾನ್ಸ್‌ನಲ್ಲಿ ಸೋಲು, ರಾಜನ ಸುತ್ತಲಿನವರ ಲಂಚಕೋರತನ, ಸ್ಥಳೀಯ ಅಧಿಕಾರಿಗಳ ಸುಲಿಗೆ ಅಲ್ಲಿನ ದೂರುಗಳು. ಅಲ್ಲಿ ಆಕರವೂ ಬೇರೆ ಬಗೆಯದು. ಕ್ಷಮಾದಾನ ಪಡೆದ ಸಾವಿರಾರು ಜನರ ಹೆಸರು, ಕಸುಬು, ಊರುಗಳ ಪಟ್ಟಿಯೇ ಉಳಿದಿದೆ. ಒಕ್ಕಲಿಗರು, ಕಟುಕರು, ಬಡಗಿಗಳ ಜೊತೆ ನೈಟ್‌ಗಿಂತ ಕೆಳಗಿನ ಮೇಲ್ವರ್ಗದವರಾದ ಎಸ್ಕ್ವೈರ್‌ಗಳು, ಜಂಟಲ್‌ಮನ್‌ಗಳು ಹತ್ತಾರು ಮಂದಿ ಅದರಲ್ಲಿದ್ದಾರೆ, ಹಳ್ಳಿಗಳ ಕಾನ್‌ಸ್ಟೇಬಲ್‌ಗಳೂ ಸಾಲುಸಾಲಾಗಿ ಬರುತ್ತಾರೆ. ಊರು ಕಾಯಲು ಜನ ಕೂಡಿಸುವ ಹಳೆಯ ಏರ್ಪಾಟನ್ನೇ ದಂಗೆಗೆ ಬಳಸಿಕೊಂಡರು ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಮೇಲ್ವರ್ಗದವರ ಪಾಲು 1381ಕ್ಕಿಂತ ಅಲ್ಲಿ ಹೆಚ್ಚು. ಆದರೆ ಆ ಪಟ್ಟಿಯನ್ನು ದಂಗೆಕೋರರ ಹಾಜರಿ ಎಂದು ಓದಬೇಡಿ. ಏನೂ ಮಾಡದೆ ಮನೆಯಲ್ಲಿದ್ದವರು ಕೂಡ ಮುಂದೆ ಯಾರಾದರೂ ಬೊಟ್ಟು ಮಾಡಿಯಾರೆಂಬ ಹೆದರಿಕೆಯಿಂದ ಕ್ಷಮಾದಾನದ ಪತ್ರ ಮಾಡಿಸಿಟ್ಟುಕೊಳ್ಳುವುದು ಆಗ ರೂಢಿಯಲ್ಲಿತ್ತು.